ಕಾಡಿನ ಮೇಲಿನ ಆಕಾಶಕ್ಕೆ ಯಾರ ಕಾವಲು?

ಬೇಸಿಗೆಯಲ್ಲಿ ಕಬಿನಿ ಜಲಾಶಯದ ನೀರು ಇಳಿದಂತೆಲ್ಲ ಹಿನ್ನೀರಿನ ಬಯಲಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಒಣಗಿದ ಕಾಡಿನಿಂದ ಆನೆಗಳು ಆ ಹುಲ್ಲಿಗೂ ನೀರಿಗೂ ಇಳಿದು ಬರುತ್ತವೆ. ಒಂದು ದಡಕ್ಕೆ ನಾಗರಹೊಳೆ, ಇನ್ನೊಂದು ದಡಕ್ಕೆ ಬಂಡೀಪುರ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಬಹಳ ಕಡಿಮೆ. ಇದೇ ಹಿನ್ನೀರಿನ ಅಂಚಿನಲ್ಲಿ ಊರುಗಳಿವೆ, ಹೊಲಗಳಿವೆ, ರೆಸಾರ್ಟ್‌ಗಳಿವೆ. ಅಲ್ಲಿನ ಒಂದು ಖಾಸಗಿ ಜಮೀನಿನಲ್ಲಿ ನಿಂತವನೊಬ್ಬ ಅಂಗೈಯಗಲದ ಡ್ರೋನ್ ತೆಗೆದು ಹಾರಿಸುತ್ತಾನೆ ಎಂದುಕೊಳ್ಳಿ. ಅವನು ಕಾಡಿನ ಗಡಿ ದಾಟಿಲ್ಲ. ಅವನ ಡ್ರೋನ್ ದಾಟಿದೆ. ಇದು ತಪ್ಪೇ? ತಪ್ಪಾದರೆ ಯಾವ ಕಾನೂನಿನ ಪ್ರಕಾರ? ತಡೆಯಬೇಕಾದವರು ಅರಣ್ಯ ಇಲಾಖೆಯವರೋ, ಪೊಲೀಸರೋ, ವಿಮಾನಯಾನ ಇಲಾಖೆಯವರೋ?

ಹತ್ತು ವರ್ಷಗಳ ಹಿಂದೆ ಈ ಪ್ರಶ್ನೆ ಕೆಲವೇ ಛಾಯಾಗ್ರಾಹಕರದ್ದಾಗಿತ್ತು. ಈಗ ಮದುವೆ ಶೂಟಿಂಗ್‌ನವರಿಂದ ಹಿಡಿದು ಪ್ರವಾಸದ ವಿಡಿಯೊ ಮಾಡುವವರವರೆಗೆ ಎಲ್ಲರ ಚೀಲದಲ್ಲೂ ಡ್ರೋನ್ ಇದೆ. ‘ಗಂಧದ ಗುಡಿ’ಯಂಥ ಚಿತ್ರಗಳಲ್ಲಿ ನಮ್ಮ ಕಾಡು, ಜಲಪಾತ, ಕಡಲನ್ನು ಮೇಲಿನಿಂದ ಕಂಡು ಬೆರಗಾದವರಿಗೆ ತಾವೂ ಅಂಥದೊಂದು ಶಾಟ್ ತೆಗೆಯಬೇಕೆನಿಸುವುದು ಸಹಜ. ಆ ಆಸೆಗೂ ಕಾಡಿನ ನೆಮ್ಮದಿಗೂ ನಡುವೆ ನಿಲ್ಲಬೇಕಾದ ನಿಯಮಗಳು ಇವೆ. ಆದರೆ ಅವು ಒಂದೇ ಕಡೆ ಇಲ್ಲ. ಒಂದು ತುಂಡು ವಿಮಾನಯಾನ ನಿಯಮಗಳಲ್ಲಿದೆ, ಇನ್ನೊಂದು ವನ್ಯಜೀವಿ ಕಾಯ್ದೆಯಲ್ಲಿದೆ, ಮತ್ತೊಂದು ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಗಳಲ್ಲಿದೆ. ಈ ತುಂಡುಗಳನ್ನು ಒಟ್ಟಿಗಿಟ್ಟು ನೋಡಿದರೆ ಎಲ್ಲಿ ರಕ್ಷಣೆ ಗಟ್ಟಿಯಾಗಿದೆ, ಎಲ್ಲಿ ತೂತಿದೆ ಎಂಬುದು ತಿಳಿಯುತ್ತದೆ.

ಪ್ರಾಣಿಗೆ ಆಗುವುದೇನು?

ಡ್ರೋನ್ ಹಾರಿಸುವವರು ಸಾಮಾನ್ಯವಾಗಿ ಕೊಡುವ ಸಮರ್ಥನೆ ಒಂದೇ: “ಪ್ರಾಣಿ ತಲೆ ಎತ್ತಿ ಕೂಡ ನೋಡಲಿಲ್ಲ.” ಈ ಮಾತನ್ನು ಪರೀಕ್ಷೆಗೆ ಒಡ್ಡಿದ ಒಂದು ಅಧ್ಯಯನ ಅಮೆರಿಕದ ಮಿನ್ನೆಸೋಟದಲ್ಲಿ ನಡೆದು 2015ರಲ್ಲಿ ಪ್ರಕಟವಾಯಿತು. ಕಾಡಿನ ಕಪ್ಪು ಕರಡಿಗಳಿಗೆ ಜಿಪಿಎಸ್ ಕೊರಳಪಟ್ಟಿಯ ಜೊತೆ ಎದೆಬಡಿತ ಅಳೆಯುವ ಸಾಧನವನ್ನೂ ಅಳವಡಿಸಿ, ಅವುಗಳ ಮೇಲೆ ಡ್ರೋನ್ ಹಾರಿಸಿ ನೋಡಲಾಯಿತು. ಹೊರಗಿನಿಂದ ಕಂಡ ಬದಲಾವಣೆ ಅಲ್ಪ. ಬಹುಪಾಲು ಸಲ ಕರಡಿಗಳು ಓಡಲಿಲ್ಲ. ಆದರೆ ಎಲ್ಲ ಕರಡಿಗಳ ಎದೆಬಡಿತ ಏರಿತ್ತು. ಒಂದು ಕರಡಿಯದಂತೂ ಮೊದಲಿದ್ದುದಕ್ಕಿಂತ ನಿಮಿಷಕ್ಕೆ 120ಕ್ಕೂ ಹೆಚ್ಚು ಬಡಿತ ಜಾಸ್ತಿಯಾಗಿತ್ತು. ಪ್ರಾಣಿ ಸುಮ್ಮನೆ ನಿಂತಿದೆ ಎಂದರೆ ಅದಕ್ಕೆ ಭಯವಾಗಿಲ್ಲ ಎಂದಲ್ಲ. ಕ್ಯಾಮೆರಾ ಪರದೆಯ ಮೇಲೆ ಆ ಭಯ ಕಾಣುವುದಿಲ್ಲ, ಅಷ್ಟೆ.

ಅದೇ ವರ್ಷ ಫ್ರಾನ್ಸ್‌ನ ಸಂಶೋಧಕರು ಬಾತು, ಫ್ಲೆಮಿಂಗೊ, ಗೊರವಗಳ ಹತ್ತಿರಕ್ಕೆ ಡ್ರೋನ್ ಒಯ್ದು ನೋಡಿದರು. ಬದಿಯಿಂದ ನಿಧಾನವಾಗಿ ಸಾಗಿ ಹೋದಾಗ ಹೆಚ್ಚಿನ ಸಲ ಹಕ್ಕಿಗಳು ಕದಲಲಿಲ್ಲ. ನೆತ್ತಿಯ ಮೇಲಿನಿಂದ ನೇರವಾಗಿ ಇಳಿದಾಗ ಬೆದರಿದವು. ಹದ್ದು, ಗಿಡುಗಗಳು ಎರಗುವುದು ಮೇಲಿನಿಂದಲೇ ಅಲ್ಲವೇ? ಹಾಗಾಗಿ ಡ್ರೋನ್ ಎಷ್ಟು ದೂರದಲ್ಲಿದೆ ಎಂಬುದರಷ್ಟೇ, ಅದು ಯಾವ ಕೋನದಿಂದ, ಯಾವ ಕಾಲದಲ್ಲಿ, ಯಾವ ಜೀವಿಯತ್ತ ಬರುತ್ತಿದೆ ಎಂಬುದೂ ಮುಖ್ಯ.

ಆನೆಯ ವಿಷಯಕ್ಕೆ ಬಂದರೆ ಸಾಕ್ಷ್ಯ ಇನ್ನೂ ನೇರವಾಗಿದೆ. ಟಾಂಜಾನಿಯದ ಉದ್ಯಾನಗಳ ಅಂಚಿನಲ್ಲಿ ಹೊಲಕ್ಕೆ ನುಗ್ಗುವ ಆನೆಗಳನ್ನು ಹಿಮ್ಮೆಟ್ಟಿಸಲು ಡ್ರೋನ್ ಬಳಸಿ, ಅದು ಫಲ ಕೊಡುತ್ತದೆ ಎಂದು 2017ರಲ್ಲಿ ವರದಿ ಮಾಡಲಾಯಿತು. ಅದರ ಸದ್ದು ಜೇನುಹುಳುಗಳ ಮೊರೆತದಂತೆ ಕೇಳುವುದು ಇದಕ್ಕೆ ಕಾರಣವಿರಬಹುದು ಎಂಬ ಊಹೆಯೂ ಇದೆ. ಒಂದೆಡೆ ಆನೆ ಓಡಿಸುವ ಅಸ್ತ್ರವಾಗಿರುವ ಅದೇ ಸಾಧನವನ್ನು ಇನ್ನೊಂದೆಡೆ ಮರಿಗಳೊಂದಿಗೆ ನೀರು ಕುಡಿಯುತ್ತಿರುವ ಹಿಂಡಿನ ಮೇಲೆ ಹಾರಿಸಿ, ‘ಏನೂ ತೊಂದರೆಯಿಲ್ಲ’ ಎನ್ನುವುದು ಹೇಗೆ? ಬೆದರಿದ ಹಿಂಡು ಊರಿನ ಕಡೆ ತಿರುಗಿದರೆ ಆ ಹೊಣೆ ಯಾರದು?

ಹಕ್ಕಿಗಳ ಗೂಡುಗಳಿರುವ ಜಾಗದಲ್ಲಿ ಒಂದೇ ಒಂದು ಡ್ರೋನ್ ಎಂಥ ಹಾನಿ ಮಾಡಬಲ್ಲದು ಎಂಬುದನ್ನು 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಬೋಲ್ಸಾ ಚಿಕಾ ಪರಿಸರ ಮೀಸಲು ಪ್ರದೇಶ ಕಂಡಿತು. ನಿಷೇಧವಿದ್ದರೂ ಹಾರಿಸಿದ್ದ ಡ್ರೋನ್ ಮರಳಿನ ದಿಬ್ಬದ ಮೇಲೆ ಬಿತ್ತು. ಅಲ್ಲಿ ಕಾವು ಕೊಡುತ್ತಿದ್ದ ಸುಮಾರು 3,000 ಎಲಿಗೆಂಟ್ ಟರ್ನ್ ಹಕ್ಕಿಗಳು ಎದ್ದು ಹೋದವು, ಮರಳಿ ಬರಲಿಲ್ಲ. 1,500ಕ್ಕೂ ಹೆಚ್ಚು ಮೊಟ್ಟೆಗಳು ಮರಳಿನಲ್ಲೇ ಉಳಿದವು. ಇದನ್ನು ಓದುವಾಗ ನಮಗೆ ಕೊಕ್ಕರೆ ಬೆಳ್ಳೂರು, ರಂಗನತಿಟ್ಟು ನೆನಪಾಗಬೇಕು. ರಾಮನಗರದ ರಾಮದೇವರ ಬೆಟ್ಟ ನೆನಪಾಗಬೇಕು. 2012ರಲ್ಲಿ ರಣಹದ್ದು ಧಾಮವೆಂದು ಘೋಷಣೆಯಾದ ಆ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ತಾಯಿ ಬೆದರಿ ಎದ್ದು ಆ ಮೊಟ್ಟೆ ಹೋದರೆ ಆ ಜೋಡಿಯ ಇಡೀ ವರ್ಷ ಹೋದಂತೆ.

ಅಮೆರಿಕ ಹಾಕಿದ ಗೆರೆ

ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್‌ಗೆ ತಡೆ ಹಾಕಿದ ದೇಶಗಳಲ್ಲಿ ಹೆಚ್ಚು ಚರ್ಚೆಯಾದದ್ದು ಅಮೆರಿಕ. 2013-14ರಲ್ಲಿ ಅಲ್ಲಿ ಒಂದರ ಹಿಂದೊಂದು ಪ್ರಕರಣಗಳು ನಡೆದವು. ಮೌಂಟ್ ರಶ್ಮೋರ್‌ನಲ್ಲಿ ಸಭಾಂಗಣದಲ್ಲಿ ಕುಳಿತ ಜನರ ತಲೆಯ ಮೇಲೆ ಡ್ರೋನ್ ಹಾರಿತು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಸೂರ್ಯಾಸ್ತ ನೋಡಲು ಸೇರಿದ್ದವರಿಗೆ ಕಿರಿಕಿರಿ ಮಾಡಿ, ಕೊನೆಗೆ ಕಣಿವೆಗೆ ಬಿತ್ತು. ಜಾಯನ್ ಉದ್ಯಾನದಲ್ಲಿ ಬಿಗ್‌ಹಾರ್ನ್ ಕುರಿಗಳ ಹಿಂಡು ಬೆದರಿ, ಮರಿಗಳು ತಾಯಂದಿರಿಂದ ಬೇರೆಯಾದವು. 2014ರ ಜೂನ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯ ನಿರ್ದೇಶಕರಾಗಿದ್ದ ಜೊನಾಥನ್ ಜಾರ್ವಿಸ್ ಆದೇಶವೊಂದನ್ನು ಹೊರಡಿಸಿ, ತಮ್ಮ ಆಡಳಿತದ ನೆಲ ಮತ್ತು ನೀರಿನಿಂದ ಡ್ರೋನ್ ಹಾರಿಸುವುದನ್ನು, ಅಲ್ಲಿ ಇಳಿಸುವುದನ್ನು, ಅಲ್ಲಿ ನಿಂತು ನಡೆಸುವುದನ್ನು ನಿಷೇಧಿಸುವಂತೆ ಎಲ್ಲ ಉದ್ಯಾನಗಳಿಗೂ ಸೂಚಿಸಿದರು. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ. ಅದೇ ಆಗಸ್ಟ್‌ನಲ್ಲಿ ಯೆಲ್ಲೋಸ್ಟೋನ್‌ನ ಬಣ್ಣಬಣ್ಣದ ಬಿಸಿನೀರ ಬುಗ್ಗೆ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್‌ಗೆ ಡ್ರೋನ್ ಬೀಳಿಸಿದ ವಿದೇಶಿ ಪ್ರವಾಸಿಗೆ ನ್ಯಾಯಾಲಯ ದಂಡ ಮತ್ತು ಪರಿಹಾರ ಸೇರಿ 3,000 ಡಾಲರ್‌ಗೂ ಹೆಚ್ಚು ಹಣ ಕಟ್ಟಿಸಿತು. ಸಂಶೋಧನೆ, ಹುಡುಕಾಟ, ಬೆಂಕಿ ನಂದಿಸುವ ಕೆಲಸಕ್ಕೆ ಮಾತ್ರ ಉದ್ಯಾನ ಸೇವೆ ಲಿಖಿತ ಅನುಮತಿಯ ದಾರಿಯನ್ನು ಮುಕ್ತವಾಗಿಟ್ಟಿತು.

ಇಷ್ಟಾದರೂ ಆ ಆದೇಶದಲ್ಲಿ ಒಂದು ಮಿತಿಯಿದೆ. ಅಮೆರಿಕದಲ್ಲಿ ಆಕಾಶದ ಅಧಿಕಾರ ಇರುವುದು ಫೆಡರಲ್ ವಿಮಾನಯಾನ ಆಡಳಿತದ ಕೈಯಲ್ಲಿ, ಉದ್ಯಾನ ಸೇವೆಯ ಕೈಯಲ್ಲಲ್ಲ. ಹಾಗಾಗಿ ಉದ್ಯಾನದ ಹೊರಗೆ ನಿಂತು ಹಾರಿಸಿ ಒಳಗಿನ ಆಕಾಶವನ್ನು ದಾಟಿಸುವವನನ್ನು ಈ ನಿಷೇಧ ನೇರವಾಗಿ ಹಿಡಿಯುವುದಿಲ್ಲ. ಪ್ರಾಣಿಯನ್ನು ಬೆದರಿಸಿದ್ದಕ್ಕೆ ಬೇರೆ ನಿಯಮದಡಿ ಹಿಡಿಯಬೇಕಾಗುತ್ತದೆ. ಕಬಿನಿ ದಡದಲ್ಲಿ ನಿಂತವನ ಪ್ರಶ್ನೆ ಅಲ್ಲಿಯೂ ಇದೆ.

ಈ ಗಂಟನ್ನು ಬಿಡಿಸಿದ್ದು ದಕ್ಷಿಣ ಆಫ್ರಿಕ. ಡ್ರೋನ್‌ಗಳು ಮನೆಮಾತಾಗುವ ಮೊದಲೇ, 2003ರ ಸಂರಕ್ಷಿತ ಪ್ರದೇಶಗಳ ಕಾಯ್ದೆಯಲ್ಲಿ, ಉದ್ಯಾನದ ಅತಿ ಎತ್ತರದ ಜಾಗದಿಂದ ಮೇಲೆ 2,500 ಅಡಿವರೆಗಿನ ಆಕಾಶವೂ ಉದ್ಯಾನದ್ದೇ ಭಾಗ ಎಂದು ಅದು ಬರೆದಿಟ್ಟಿತು. ಅಲ್ಲಿ ಹಾರಿಸುವವನು ಎಲ್ಲಿ ನಿಂತಿದ್ದ ಎಂಬುದನ್ನು ಅಳೆಯುತ್ತ ಕೂರಬೇಕಿಲ್ಲ. ವಿಮಾನವೋ ಡ್ರೋನೋ ಆ ಎತ್ತರದೊಳಗೆ ಅನುಮತಿಯಿಲ್ಲದೆ ಬಂದರೆ ಉದ್ಯಾನದೊಳಗೆ ಬಂದಂತೆಯೇ.

ನಮ್ಮಲ್ಲಿ: ಹಸಿರು ನಕ್ಷೆಯ ಮೌನ

ಭಾರತದಲ್ಲಿ ನಾಗರಿಕರು ಡ್ರೋನ್ ಹಾರಿಸುವುದನ್ನು 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಪೂರ್ತಿಯಾಗಿ ತಡೆದಿತ್ತು. 2018ರಲ್ಲಿ ಮೊದಲ ವ್ಯವಸ್ಥಿತ ನಿಯಮಗಳು ಬಂದು ಡಿಸೆಂಬರ್ 1ರಿಂದ ಜಾರಿಯಾದವು. ಅವುಗಳಲ್ಲಿ ಹಾರಾಟ ನಿಷಿದ್ಧ ಜಾಗಗಳ ಪಟ್ಟಿಯಿತ್ತು. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳ ಸುತ್ತಲಿನ ಪರಿಸರ ಸೂಕ್ಷ್ಮ ಪ್ರದೇಶಗಳ ಮೇಲೆ ಪೂರ್ವಾನುಮತಿಯಿಲ್ಲದೆ ಹಾರಿಸುವಂತಿಲ್ಲ ಎಂಬ ಸ್ಪಷ್ಟ ಸಾಲು ಆ ಪಟ್ಟಿಯಲ್ಲಿತ್ತು.

2021ರ ಆಗಸ್ಟ್ 25ರಂದು ಹೊಸ ‘ಡ್ರೋನ್ ನಿಯಮಗಳು’ ಬಂದವು. ಉದ್ದೇಶ ಒಳ್ಳೆಯದಿತ್ತು: ಅರ್ಜಿಗಳ ರಾಶಿ ಕಡಿಮೆ ಮಾಡಿ ಉದ್ಯಮಕ್ಕೆ ದಾರಿ ಮಾಡಿಕೊಡುವುದು. 250 ಗ್ರಾಂವರೆಗಿನದು ನ್ಯಾನೊ, 2 ಕಿಲೊವರೆಗೆ ಮೈಕ್ರೊ, 25 ಕಿಲೊವರೆಗೆ ಸಣ್ಣದು, ಹೀಗೆ ತೂಕದ ಮೇಲೆ ವರ್ಗಗಳಾದವು. ಆಕಾಶವನ್ನು ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಮೂರು ಬಣ್ಣಗಳಾಗಿ ಹಂಚಲಾಯಿತು. ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಅನುಮತಿ, ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಹಸಿರಿನಲ್ಲಿ 400 ಅಡಿವರೆಗೆ, ಅಂದರೆ ಸುಮಾರು 120 ಮೀಟರ್‌ವರೆಗೆ, ಹಾರಾಟಕ್ಕೆ ಪೂರ್ವಾನುಮತಿ ಬೇಡ. ಎರಡು ಕಿಲೊವರೆಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರವೂ ಬೇಡ. ನಿಯಮ ಮುರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ.

ಈ ಬದಲಾವಣೆಯಲ್ಲಿ 2018ರ ಆ ಸಾಲು ಕೈಬಿಟ್ಟುಹೋಯಿತು. ವಲಯ ಹಂಚುವಾಗ ಕಣ್ಣಮುಂದೆ ಇದ್ದದ್ದು ವಿಮಾನಗಳ ಸುರಕ್ಷತೆ ಮತ್ತು ದೇಶದ ಭದ್ರತೆ. ಅದು ತಪ್ಪಲ್ಲ. ಆದರೆ ಅಭಯಾರಣ್ಯದ ಹತ್ತಿರ ನಿಂತು ಆ್ಯಪ್ ತೆರೆದವನಿಗೆ ನಕ್ಷೆಯ ಹಸಿರು ‘ಹೂಂ, ಹಾರಿಸು’ ಎಂದು ಹೇಳಿದಂತೆ ಕೇಳುತ್ತದೆ. ಅಲ್ಲಿ ವಿಮಾನಕ್ಕೆ ಅಡ್ಡಿಯಿಲ್ಲ ಎಂಬುದಷ್ಟೇ ಆ ಹಸಿರಿನ ಅರ್ಥ. ಕಾಡಿನ ಬಗ್ಗೆ ಅದು ಏನನ್ನೂ ಹೇಳಿಲ್ಲ. ಬಹಳಷ್ಟು ಜನ ತಿಳಿಯದೆ ಮಾಡುವ ತಪ್ಪಿನ ಮೂಲ ಇಲ್ಲಿದೆ.

ವನ್ಯಜೀವಿ ಕಾಯ್ದೆ ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರೆದವರ ಕಲ್ಪನೆಯಲ್ಲಿ ಡ್ರೋನ್ ಇರಲು ಸಾಧ್ಯವಿರಲಿಲ್ಲ. ಆದರೂ ಆ ಕಾಯ್ದೆಯ ಕೈ ಉದ್ದವಿದೆ. 27ನೇ ಕಲಮು ಅನುಮತಿಯಿಲ್ಲದ ಪ್ರವೇಶವನ್ನು ತಡೆಯುತ್ತದೆ. 28ನೇ ಕಲಮಿನ ಪ್ರಕಾರ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸಕ್ಕೆ ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದ್ದು. 2022ರ ತಿದ್ದುಪಡಿ ಇದಕ್ಕೆ ಚಿತ್ರೀಕರಣವನ್ನೂ ಸೇರಿಸಿ, ಆವಾಸಕ್ಕಾಗಲಿ ವನ್ಯಜೀವಿಗಾಗಲಿ ಹಾನಿಯಾಗಬಾರದು ಎಂಬ ಷರತ್ತನ್ನೂ ಹಾಕಿದೆ. 35ನೇ ಕಲಮು ಇವನ್ನೆಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ, ನಮ್ಮ ಐದೂ ಉದ್ಯಾನಗಳ ಒಳಗೆ ನಿಂತು ಡ್ರೋನ್ ಬಿಡಬೇಕಾದರೆ ಡಿಜಿಸಿಎ ನೋಂದಣಿ ಸಾಲದು, ಮಲ್ಲೇಶ್ವರದ ಅರಣ್ಯ ಭವನದಿಂದ ಬರುವ ಅನುಮತಿಯೂ ಬೇಕು. ಸಫಾರಿ ಟಿಕೆಟ್ ಆ ಅನುಮತಿಯಲ್ಲ.

ಹೊರಗೆ ನಿಂತು ಹಾರಿಸಿದವನ ಮಾತೇನು? ಡ್ರೋನ್ ‘ವ್ಯಕ್ತಿ’ಯಲ್ಲ, ಆದ್ದರಿಂದ ಪ್ರವೇಶದ ಕಲಮು ಅದಕ್ಕೆ ಅಂಟುವುದಿಲ್ಲ ಎಂದು ವಕೀಲರು ವಾದಿಸಬಹುದು. ಆದರೆ 27ನೇ ಕಲಮಿನಲ್ಲೇ ಇನ್ನೊಂದು ಮಾತಿದೆ: ಕಾಡುಪ್ರಾಣಿಯನ್ನು ಕೆಣಕುವಂತಿಲ್ಲ, ಪೀಡಿಸುವಂತಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಬೇಟೆಯ ವ್ಯಾಖ್ಯೆ. ಕೊಲ್ಲುವುದಷ್ಟೇ ಅಲ್ಲ, ಪ್ರಾಣಿಯನ್ನು ಅಟ್ಟುವುದೂ ಬೇಟೆ. ಹಕ್ಕಿಯ ಮೊಟ್ಟೆಗೋ ಗೂಡಿಗೋ ಅಡ್ಡಿಪಡಿಸುವುದೂ ಬೇಟೆ. ಆನೆ ಹಿಂಡನ್ನು ಡ್ರೋನ್‌ನಿಂದ ಓಡಿಸಿ ವಿಡಿಯೊ ಮಾಡಿದವನು, ರಣಹದ್ದಿನ ಗೂಡಿನ ಎದುರು ಡ್ರೋನ್ ನಿಲ್ಲಿಸಿದವನು ಈ ವ್ಯಾಖ್ಯೆಯೊಳಗೆ ಬರುತ್ತಾರೆ ಎಂದು ವಾದಿಸಲು ಸಾಕಷ್ಟು ಆಧಾರವಿದೆ. ಸಾಮಾನ್ಯ ಅಪರಾಧಕ್ಕೂ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೇಟೆ ಎಂದು ತೀರ್ಮಾನವಾದರೆ ಶಿಕ್ಷೆ ಇನ್ನೂ ಕಠಿಣ. ಅಪರಾಧಕ್ಕೆ ಬಳಸಿದ ಸಾಧನ ಜಪ್ತಿಯಾಗಿ ಸರ್ಕಾರದ ಸ್ವತ್ತಾಗುತ್ತದೆ.

ತೊಡಕಿರುವುದು ಸಾಬೀತುಪಡಿಸುವುದರಲ್ಲಿ. ಪ್ರಾಣಿ ಬೆದರಿತು ಎಂದು ತೋರಿಸಬೇಕು. ಕರಡಿಯ ಎದೆಬಡಿತವನ್ನು ಯಾವ ವಾಚರ್ ಅಳೆಯಬಲ್ಲ? ಹಾನಿಯಾದ ಮೇಲೆ ಹಿಡಿಯುವ ಕಾನೂನು, ಹಾನಿಗೆ ಮೊದಲು ತಡೆಯುವ ನಿಯಮದ ಜಾಗವನ್ನು ತುಂಬಲಾರದು.

ಇನ್ನೊಂದು ಅಪಾಯ ಹಾರಾಟ ಮುಗಿದ ಮೇಲೆ ಬರುವಂಥದ್ದು. ಸಿಗ್ನಲ್ ಕಡಿದು ಅಥವಾ ಕೊಂಬೆಗೆ ತಾಗಿ ಡ್ರೋನ್ ಕಾಡೊಳಗೆ ಬಿದ್ದರೆ ಮಾಲೀಕ ಅದನ್ನು ಹುಡುಕಿಕೊಂಡು ಹೊರಡುತ್ತಾನೆ. ಆ ಕ್ಷಣಕ್ಕೆ ಅವನ ಮೇಲೆ ಅಕ್ರಮ ಪ್ರವೇಶದ ಮೊಕದ್ದಮೆ ಖಚಿತ, ಹುಲಿ ಆನೆಗಳ ಅಪಾಯ ಬೇರೆ. ಬಿದ್ದ ಪೆಟ್ಟಿಗೆ ಜಖಂಗೊಂಡ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಲ್ಲದು. ಫೆಬ್ರುವರಿ, ಮಾರ್ಚ್‌ನಲ್ಲಿ ಬಂಡೀಪುರದ ಎಲೆಯುದುರಿದ ಕಾಡಿನಲ್ಲಿ ಒಂದು ಕಿಡಿ ಏನು ಮಾಡುತ್ತದೆ ಎಂಬುದನ್ನು 2019ರ ಕಾಡ್ಗಿಚ್ಚು ಕಂಡ ನಾಡಿಗೆ ವಿವರಿಸಬೇಕಿಲ್ಲ.

ಕಾಡಂಚಿನ ಊರುಗಳ ನ್ಯಾಯ

ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯಗಳನ್ನು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ ಅಧಿಸೂಚಿಸುತ್ತದೆ. ಇತ್ತೀಚಿನ ಇಂಥ ಅಧಿಸೂಚನೆಗಳಲ್ಲಿ ಬಿಸಿಗಾಳಿ ಬಲೂನು, ಹೆಲಿಕಾಪ್ಟರ್‌ಗಳ ಜೊತೆ ಪ್ರವಾಸೋದ್ಯಮದ ಡ್ರೋನ್ ಹಾರಾಟವೂ ‘ನಿಯಂತ್ರಿತ ಚಟುವಟಿಕೆ’ಗಳ ಪಟ್ಟಿಯಲ್ಲಿದೆ. ಅಂದರೆ ಪೂರ್ಣ ನಿಷೇಧವಲ್ಲ, ಕಾನೂನಿಗೆ ಒಳಪಟ್ಟ ಅನುಮತಿ. ಈ ಮಾತು ಸರಿಯಾಗಿಯೇ ಇದೆ. ಸೂಕ್ಷ್ಮ ವಲಯವೆಂದರೆ ಬರೀ ಕಾಡಲ್ಲ. ಅಲ್ಲಿ ಜನ ಬದುಕುತ್ತಾರೆ, ಬೆಳೆ ಬೆಳೆಯುತ್ತಾರೆ. ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ, ನಿವೇಶನಗಳನ್ನು ಅಳೆಯುವುದು ಡ್ರೋನ್‌ನಿಂದಲೇ. ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಬೆಳೆಗೆ ಸಿಂಪಡಿಸುವ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿದೆ. ಕಾಡಂಚಿನ ರೈತ ಈಗಾಗಲೇ ಆನೆ, ಹಂದಿಗಳ ಕಾಟ ಹೊತ್ತಿದ್ದಾನೆ. ಬೇರೆ ಊರಿನವರಿಗೆ ಸಿಗುವ ತಂತ್ರಜ್ಞಾನವನ್ನು ಅವನಿಗೆ ಮಾತ್ರ ನಿರಾಕರಿಸಿದರೆ ಅದು ಅನ್ಯಾಯ.

ಹಾಗಾಗಿ ಗೆರೆ ಎಳೆಯಬೇಕಾದ್ದು ಉದ್ದೇಶ ಮತ್ತು ಎತ್ತರದ ಮೇಲೆ. ತನ್ನ ಹೊಲದ ಮೇಲೆ, ಪೈರಿನಿಂದ ಕೆಲವೇ ಮೀಟರ್ ಎತ್ತರದಲ್ಲಿ, ಹಗಲಿನಲ್ಲಿ ಸಿಂಪಡಿಸುವ ಡ್ರೋನ್ ಬೇರೆ. ರೆಸಾರ್ಟಿನ ಅಂಗಳದಿಂದ ಎದ್ದು ಹಿನ್ನೀರು ದಾಟಿ ಪ್ರಾಣಿಯನ್ನು ಅರಸುತ್ತ ಹೋಗುವ ಡ್ರೋನ್ ಬೇರೆ. ಮೊದಲನೆಯದಕ್ಕೆ ಪಂಚಾಯಿತಿ ಮಟ್ಟದ ಸರಳ ನೋಂದಣಿ ಸಾಕು. ಎರಡನೆಯದಕ್ಕೆ ಅನುಮತಿ ಸಿಗಬಾರದು.

ಇಲಾಖೆಯ ಡ್ರೋನಿಗೂ ನಿಯಮ ಬೇಕು

ಡ್ರೋನ್ ಕಾಡಿಗೆ ಶತ್ರುವಷ್ಟೇ ಅಲ್ಲ. ಕಾಜಿರಂಗದಲ್ಲಿ 2013ರಲ್ಲೇ ಘೇಂಡಾಮೃಗಗಳ ಕಳ್ಳಬೇಟೆ ತಡೆಯಲು ಅದನ್ನು ಪ್ರಯೋಗಿಸಲಾಗಿತ್ತು. 2014ರಲ್ಲಿ ಪನ್ನಾ ಹುಲಿ ಮೀಸಲಿನಲ್ಲಿ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಕಾಡ್ಗಿಚ್ಚಿನ ಜಾಡು ಹಿಡಿಯಲು, ಕಾಫಿ ತೋಟದಲ್ಲಿ ಆನೆ ಎಲ್ಲಿದೆ ಎಂದು ತಿಳಿಯಲು, ಊರಿಗೆ ಬಂದ ಹುಲಿಯನ್ನು ಹುಡುಕಲು ಥರ್ಮಲ್ ಡ್ರೋನ್ ಬಳಕೆಯಲ್ಲಿದೆ. ಕತ್ತಲೆಯಲ್ಲಿ, ಲಂಟಾನದ ಪೊದೆಯಲ್ಲಿ ಹುಲಿ ಎಲ್ಲಿ ಅಡಗಿದೆ ಎಂದು ಮೊದಲೇ ಗೊತ್ತಾದರೆ ಕೋಲು ಹಿಡಿದು ಹೊರಟ ಸಿಬ್ಬಂದಿಯ ಜೀವ ಉಳಿಯುತ್ತದೆ. ಈ ಉಪಯೋಗವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಆನೆಗೆ ಇಲಾಖೆಯ ಡ್ರೋನ್ ಯಾವುದು, ಪ್ರವಾಸಿಯ ಡ್ರೋನ್ ಯಾವುದು ಎಂದು ಗೊತ್ತಾಗುವುದಿಲ್ಲ. ಸದ್ದು ಒಂದೇ. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಪರಿಣಾಮ ಬದಲಾಗುವುದಿಲ್ಲ. ಅದಕ್ಕೇ ಇಲಾಖೆಯ ಪ್ರತಿ ಹಾರಾಟಕ್ಕೂ ದಾಖಲೆ ಇರಬೇಕು: ಯಾವ ಕೆಲಸಕ್ಕೆ, ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತು, ಪ್ರಾಣಿಗಳು ಹೇಗೆ ಪ್ರತಿಕ್ರಿಯಿಸಿದವು. ಹೀಗೆ ಕೂಡಿಬಂದ ಮಾಹಿತಿಯೇ ನಮ್ಮ ಕಾಡಿಗೆ, ನಮ್ಮ ಜೀವಿಗಳಿಗೆ ಹೊಂದುವ ಎತ್ತರ ಮತ್ತು ದೂರವನ್ನು ನಿಗದಿ ಮಾಡಲು ಬೇಕಾದ ಆಧಾರ. ಮಿನ್ನೆಸೋಟದ ಕರಡಿಯ ಲೆಕ್ಕವನ್ನು ನಾಗರಹೊಳೆಯ ಹಡ್ಲಿನಲ್ಲಿ ಮೇಯುವ ಕಾಟಿಗೆ ಹಾಗೇ ಹೊಂದಿಸಲಾಗದು. ಕಾರ್ಯಾಚರಣೆಯ ದೃಶ್ಯಗಳು ಅಲ್ಲೇ ಮೊಬೈಲುಗಳಿಗೆ ಹರಿದು ವೈರಲ್ ಆಗುವುದೂ ನಿಲ್ಲಬೇಕು. ಪ್ರಾಣಿ ಇರುವ ಜಾಗವನ್ನು ಅವು ಕಳ್ಳಬೇಟೆಗಾರರಿಗೂ ಹೇಳಿಕೊಡುತ್ತವೆ.

ಆಗಬೇಕಾದ್ದು

ಇಷ್ಟನ್ನು ಒಟ್ಟಿಗಿಟ್ಟಾಗ ನನಗೆ ಸ್ಪಷ್ಟವಾಗುವುದು ಒಂದೇ ಮಾತು. ನಮ್ಮ ಕಾನೂನು ಕಾಡಿನ ನೆಲವನ್ನು ಕಾಯುತ್ತದೆ, ವಿಮಾನದ ಆಕಾಶವನ್ನು ಕಾಯುತ್ತದೆ. ನೆಲಕ್ಕೂ ವಿಮಾನಕ್ಕೂ ನಡುವಿನ 400 ಅಡಿಯನ್ನು ಕಾಯುವವರಿಲ್ಲ. ಹದ್ದು ಹಾರುವುದು, ಮಂಗಟ್ಟೆ ಮರದಿಂದ ಮರಕ್ಕೆ ಸಾಗುವುದು, ರಣಹದ್ದು ಗೂಡು ಕಟ್ಟುವುದು ಅಲ್ಲಿಯೇ.

ಆದ್ದರಿಂದ ಮೊದಲ ಕೆಲಸ, ಉದ್ಯಾನ ಮತ್ತು ಧಾಮಗಳ ಮೇಲಿನ ಆಕಾಶವನ್ನು ನಿಗದಿತ ಎತ್ತರದವರೆಗೆ ಆ ಉದ್ಯಾನದ ಭಾಗವೆಂದು ಕಾಯ್ದೆಯಲ್ಲೇ ಹೇಳುವುದು. ದಕ್ಷಿಣ ಆಫ್ರಿಕ ಮಾಡಿದ್ದನ್ನು ನಾವು ಮಾಡಲಾಗದು ಎಂಬುದಕ್ಕೆ ಕಾರಣವಿಲ್ಲ. ಎರಡನೆಯದು, ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಇವುಗಳಿಗೆ ಪ್ರತ್ಯೇಕ ಗುರುತು. ಸುಮ್ಮನೆ ಕೆಂಪು ಬಳಿದರೆ ಕಾಡ್ಗಿಚ್ಚಿನ ನಡುವೆ ರೇಂಜರ್ ದೆಹಲಿಯ ಅನುಮತಿಗೆ ಕಾಯಬೇಕಾದೀತು. ಬೇಕಿರುವುದು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡುವ ವಲಯ. ಅಲ್ಲಿಯವರೆಗೆ, ಈಗಿರುವ ನಿಯಮದಲ್ಲೇ ಒಂದು ಉಪಾಯವಿದೆ. ತುರ್ತು ಇದ್ದಾಗ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮೂಲಕ ರಾಜ್ಯ ಸರ್ಕಾರ ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಹುಲಿ ಕಾರ್ಯಾಚರಣೆಗೆ ಜನ ಮುಗಿಬೀಳುವಾಗ ಇದನ್ನು ಬಳಸಬೇಕು. ಮೂರನೆಯದು, ರೆಸಾರ್ಟ್ ಮತ್ತು ಹೋಂಸ್ಟೇಗಳ ಹೊಣೆ. ತಮ್ಮ ಅಂಗಳದಿಂದ ಅತಿಥಿ ಹಾರಿಸಿದ ಡ್ರೋನ್ ಕಾಡಿಗೆ ಹೋದರೆ ಅವರೂ ಉತ್ತರಿಸುವಂತಾಗಬೇಕು.

ಕಾನೂನು ಬರುವವರೆಗೆ ಹಾರಿಸುವವರ ಕೈಯಲ್ಲಿರುವುದು ಬಹಳ ಸರಳ. ನಕ್ಷೆ ಹಸಿರಿದ್ದರೂ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಲಿಖಿತ ಅನುಮತಿ ಇಲ್ಲದಿದ್ದರೆ ಹಾರಿಸಬೇಡಿ. ಪ್ರಾಣಿಯಾಗಲಿ ಗೂಡಾಗಲಿ ಕಣ್ಣಿಗೆ ಬಿದ್ದರೆ ಅದರತ್ತ ಹೋಗದೆ ಡ್ರೋನನ್ನು ವಾಪಸ್ ಕರೆಸಿ.

ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಷೇಧ 2009ರಲ್ಲಿ ಬಂದಾಗ ಬಹಳ ಜನ ಅದನ್ನು ಅತಿಯಾಯಿತು ಎಂದರು. ಕಾಡಿಗೆ ರಾತ್ರಿಯ ಒಂಬತ್ತು ತಾಸು ಬಿಟ್ಟುಕೊಡುವುದು ನ್ಯಾಯ ಎಂದು ಕರ್ನಾಟಕ ಒತ್ತಡಗಳ ನಡುವೆಯೂ ಅದನ್ನು ಉಳಿಸಿಕೊಂಡು ಬಂದಿದೆ. ರಸ್ತೆಯ ವಿಷಯದಲ್ಲಿ ತೋರಿದ ಆ ಗಟ್ಟಿತನವನ್ನು ಆಕಾಶದ ವಿಷಯದಲ್ಲೂ ತೋರುವ ಸಮಯ ಬಂದಿದೆ. ಒಂದು ಗೂಡು ಖಾಲಿಯಾದ ಮೇಲೆ, ಒಂದು ಹಿಂಡು ಊರಿಗೆ ನುಗ್ಗಿದ ಮೇಲೆ ಬರೆಯುವ ನಿಯಮಕ್ಕಿಂತ, ಅದಕ್ಕೆ ಮೊದಲೇ ಬರೆದ ನಿಯಮ ಎಲ್ಲರಿಗೂ ಅಗ್ಗ.